ಮನೆಯ ಹಿತ್ತಲು: ಕುಂಡದ ಬಾಳೆಯೂ ಅದರ ಕಂದುಗಳೂ

ಬೆಂಗಳೂರಿನ ಉತ್ತರಕ್ಕೆ, ಯಲಹಂಕವನ್ನು ದಾಟಿ ಬಳ್ಳಾರಿ ರಸ್ತೆಯ ಮೇಲಿರುವ ಹುಣಸಮಾರನಹಳ್ಳಿಯಿಂದ ಸೋದರಿಯೊಬ್ಬರು ಈ ಅಂಕಣಕ್ಕೆ ಒಂದು ಪ್ರಶ್ನೆಯನ್ನು ಕಳುಹಿಸಿರುವರು. ಅವರ ತವರಿನ ಹಿತ್ತಲಿನಲ್ಲಿ ಅಜ್ಜಿಯ ಕಾಲದಿಂದ ಬಂದ ಏಲಕ್ಕಿಬಾಳೆ ಇದ್ದಿತಂತೆ. ಆ ಜಾಗವು ಮಾರಾಟವಾಗಿ ಅಲ್ಲಿ ಈಗ ಕಟ್ಟಡವೆದ್ದಿದೆ. ಉಳಿದದ್ದು, ಮಾರಾಟಕ್ಕೆ ಮೊದಲು ಕಿತ್ತು ತಂದು ಮಾಳಿಗೆಯ ಮೇಲೆ ಕುಂಡದಲ್ಲಿ ನೆಟ್ಟ ಒಂದೇ ಗಿಡ. ಅದೂ ಈಗ ಸೊರಗಿದೆ. ಎಲೆಯಂಚು ಸುಟ್ಟಂತೆ ಕಂದಿದೆ. ಹೊಸ ಸುಳಿ ಬರುವುದು ತಡವಾಗಿದೆ. ಆದರೆ ಬುಡದ ಸುತ್ತ ಐದು ಕಂದುಗಳು ಎದ್ದಿವೆ. ತಾಯಿಯನ್ನು ಉಳಿಸುವುದಕ್ಕಾಗಿ ಕಂದುಗಳನ್ನು ಕೀಳಬೇಕೆ, ಕಂದುಗಳಿಗಾಗಿ ತಾಯಿಯನ್ನು ಕಡಿಯಬೇಕೆ, ಎರಡಕ್ಕೂ ಮನಸ್ಸು ಬಾರದು ಎಂದು ಅವರು ಬರೆದಿರುವರು.

ಪ್ರಶ್ನೆ ಒಬ್ಬರದಾದರೂ ಸಂಕಟ ಒಬ್ಬರದಲ್ಲ. 2008ನೆಯ ಇಸವಿಯ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ಕೆಲಸಕ್ಕೆ ತೊಡಗಿದ ಮೇಲೆ, ಹೆಬ್ಬಾಳದಿಂದ ಉತ್ತರಕ್ಕೆ ರಸ್ತೆಯ ಎರಡು ಮಗ್ಗುಲಿನ ಎಷ್ಟೋ ರಾಗಿಯ ಹೊಲಗಳೂ ತೋಟಗಳೂ ನಿವೇಶನಗಳಾಗಿ ಮಾರ್ಪಟ್ಟಿವೆ. ಹೊಲ ಹೋದಾಗ ಹಣ ಬರುತ್ತದೆ. ಹಿತ್ತಲು ಹೋದಾಗ ಹೋದದ್ದನ್ನು ಲೆಕ್ಕ ಹಾಕುವವರಿಲ್ಲ. ದೇವನಹಳ್ಳಿಯ ಚಕ್ಕೋತವು ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಹಣ್ಣು. ಆದರೆ ಬೆಳೆದು ನಿಂತ ಚಕ್ಕೋತದ ಮರವನ್ನು ಬುಡಸಹಿತ ಹೊತ್ತುಕೊಂಡು ಹೊಸ ಮನೆಗೆ ಹೋಗುವುದು ಗೃಹಸ್ಥರಿಗೆ ಆಗದ ಮಾತು. ಬಾಳೆಯ ವಿಷಯ ಹಾಗಲ್ಲ. ಒಂದು ಚಿಕ್ಕ ಗೆಡ್ಡೆಯನ್ನು ಗೋಣಿಯ ತಾಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದರೂ ಸಾಕು, ಹಿತ್ತಲಿನ ಒಂದು ಭಾಗವು ಮನೆಗೆ ಬಂದಂತೆಯೇ ಸರಿ. ಹೀಗೆ ತಂದದ್ದನ್ನು ಕುಂಡದಲ್ಲಿ ಉಳಿಸಿಕೊಳ್ಳುವ ಬಗೆಯನ್ನು ಈ ತಿಂಗಳು ವಿಚಾರ ಮಾಡೋಣ.

ಬಾಳೆಯ ಸ್ವಭಾವ

ಬಾಳೆಯನ್ನು ನಾವು ವಾಡಿಕೆಯಲ್ಲಿ ಮರವೆಂದರೂ ಅದು ಮರವಲ್ಲ. ಕಾಂಡವೆಂದು ಕಣ್ಣಿಗೆ ತೋರುವುದು ಒಂದರೊಳಗೊಂದು ಸುತ್ತಿಕೊಂಡ ಎಲೆಯ ಬುಡಗಳ ಪಟ್ಟೆ. ನಿಜವಾದ ಕಾಂಡವು ಮಣ್ಣಿನೊಳಗಿನ ಗೆಡ್ಡೆ. ಎಲೆ ಹುಟ್ಟತಕ್ಕ ಮೊಳಕೆ ಆ ಗೆಡ್ಡೆಯ ನೆತ್ತಿಯಲ್ಲಿದೆ. ಸುಮಾರು 30ರಿಂದ 40 ಎಲೆಗಳನ್ನು ಹೊರಗೆ ಕಳುಹಿಸಿದ ಮೇಲೆ ಆ ಮೊಳಕೆಯೇ ಹೂವಾಗಿ ಪಟ್ಟೆಗಳ ನಡುವೆ ಮೇಲೇರುತ್ತದೆ. ನಾವು ಪಲ್ಯಕ್ಕೆ ಹೆಚ್ಚುವ ಬಾಳೆದಿಂಡು ಹೀಗೆ ಹೂವನ್ನು ಹೊತ್ತು ಮೇಲೆ ಬಂದ ಕಾಂಡವೇ. ಮೊಳಕೆಯು ಹೂವಾಗಿ ಹೋದ ಮೇಲೆ ಆ ಗಿಡಕ್ಕೆ ಇನ್ನು ಹೊಸ ಎಲೆಯಿಲ್ಲ. ಗೊನೆ ಬಲಿಯಿತೆಂದರೆ ಅದರ ಆಯುಸ್ಸು ಮುಗಿಯಿತು. ಎಷ್ಟು ಗೊಬ್ಬರ ಹಾಕಿದರೂ ಯಾರ ಆರೈಕೆಯಿಂದಲೂ ಅದು ಎರಡನೆಯ ಗೊನೆಯನ್ನು ಕೊಡಲಾರದು.

ಇನ್ನು ಕಂದುಗಳ ಮಾತು. ನಾವು ತಿನ್ನುವ ಬಾಳೆಯ ಹಣ್ಣಿನಲ್ಲಿ ಮೊಳೆಯುವ ಬೀಜವಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ. ಗೆಡ್ಡೆಯ ಮಗ್ಗುಲಿನ ಕಣ್ಣುಗಳಿಂದ ಏಳುವ ಕಂದುಗಳಿಂದಲೇ ಅದರ ವಂಶ ನಡೆಯತಕ್ಕದ್ದು. ಕಂದನ್ನು ನಾವು ತಾಯಿಯ ಮಗುವೆಂದು ಪ್ರೀತಿಯಿಂದ ಹೇಳಿದರೂ, ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಅದು ತಾಯಿಯ ಒಂದು ಅಂಗವೇ. ಗುಣದಲ್ಲಿ ಕೂದಲೆಳೆಯಷ್ಟೂ ಬೇರೆಯಲ್ಲ. ಅಜ್ಜಿ ನೆಟ್ಟ ಬಾಳೆ ಎಂದೋ ಗೊನೆ ಬಿಟ್ಟು ಮುಗಿದುಹೋಗಿರಬೇಕು. ಆದರೂ ಮೊಮ್ಮಗಳ ಕುಂಡದಲ್ಲಿರುವುದು ಆ ಬಾಳೆಯೇ ಎಂದರೆ ಅತಿಶಯೋಕ್ತಿಯಲ್ಲ.

ಇದನ್ನು ತಿಳಿದರೆ ತಾಯಿಯೋ ಕಂದೋ ಎಂಬ ಸಂಕಟದ ಭಾರ ಅರ್ಧ ಇಳಿಯುತ್ತದೆ. ನಾವು ಕಾಪಾಡಬೇಕಾದದ್ದು ಕುಲವನ್ನು. ಅದಕ್ಕೆ ಸೂತ್ರವೊಂದೇ: ಒಂದು ಕುಂಡಕ್ಕೆ ಒಂದು ಗಿಡ, ಅದರ ಹಿಂದೆ ಒಂದೇ ಕಂದು. ಆರೂ ಬದುಕಲಿ ಎಂಬ ಮರುಕದಿಂದ ಆರನ್ನೂ ಒಂದೇ ಕುಂಡದಲ್ಲಿ ಬಿಟ್ಟರೆ, ಒಬ್ಬರ ಊಟವನ್ನು ಆರು ಮಂದಿಗೆ ಹಂಚಿದಂತಾಗಿ ಆರೂ ಸೊರಗುತ್ತವೆ.

ಕುಂಡವೂ ನೀರೂ

ಕಂದುಗಳಿಗೆ ಕೈಹಚ್ಚುವ ಮೊದಲು ತಾಯಿ ಸೊರಗಿದ ಕಾರಣವನ್ನು ಹುಡುಕಬೇಕು. ಕಾರಣವು ಹಾಗೆಯೇ ಉಳಿದರೆ ಕಂದಿಗೂ ಅದೇ ಗತಿ. ಕುಂಡದ ಬಾಳೆಯಲ್ಲಿ ಕಾಣುವ ಕಾರಣಗಳು ಮುಖ್ಯವಾಗಿ ಮೂರು.

ಮೊದಲನೆಯದು ಕುಂಡದ ಚಿಕ್ಕತನ. ಬಾಳೆಯ ಬೇರುಗಳು ಬಹು ಆಳಕ್ಕೆ ಹೋಗುವುದಿಲ್ಲ; ಮೇಲಿನ ಒಂದೂವರೆ ಅಡಿಯೊಳಗೇ ಅಡ್ಡಡ್ಡಲಾಗಿ ಹರಡುತ್ತವೆ. ಹೂವಿನ ಗಿಡಕ್ಕೆ ಒಪ್ಪುವ ಹನ್ನೆರಡು ಅಂಗುಲದ ಕುಂಡದಲ್ಲಿ ಅವು ಗೋಡೆಗೆ ಬಡಿದು ಸುತ್ತು ಹಾಕಿಕೊಂಡು ಉಸಿರು ಕಟ್ಟುತ್ತವೆ. ಕನಿಷ್ಠ ಪಕ್ಷ ಎರಡಡಿ ಅಗಲ, ಒಂದೂವರೆ ಅಡಿ ಆಳವುಳ್ಳ ಪಾತ್ರೆ ಬೇಕು. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮನ್ನು ಅಡ್ಡಲಾಗಿ ಕೊಯ್ದರೆ ಎರಡು ಕುಂಡಗಳಾಗುತ್ತವೆ. ತಳದಲ್ಲಿ ಹೆಬ್ಬೆರಳು ಹೋಗುವಷ್ಟು ದೊಡ್ಡ ತೂತುಗಳು ಐದಾರು ಇರಲಿ. ಕುಂಡವನ್ನು ಇಟ್ಟಿಗೆಗಳ ಮೇಲೆ ಎತ್ತಿಡಬೇಕು. ಹಸಿಮಣ್ಣು ತುಂಬಿದ ಇಂತಹ ಕುಂಡವು ಒಂದೂವರೆ ಕ್ವಿಂಟಾಲಿನಷ್ಟು ತೂಗಬಹುದಾದ್ದರಿಂದ, ಮಾಳಿಗೆಯ ನಟ್ಟನಡುವೆ ಇಡದೆ ಕೆಳಗೆ ಗೋಡೆ ಅಥವಾ ತೊಲೆ ಇರುವ ಕಡೆ ಇಡುವುದು ಕ್ಷೇಮ.

ಎರಡನೆಯದು ನಿಂತ ನೀರು. ಬಾಳೆಗೆ ನೀರು ಪ್ರಿಯವೆಂಬುದು ನಿಜ. ಬೇರು ನೀರಿನಲ್ಲಿ ಮುಳುಗಿರುವುದು ಅದಕ್ಕೆ ಸಹಿಸದು. ಸೊರಗಿದ ಗಿಡಕ್ಕೆ ಇನ್ನಷ್ಟು ನೀರು ಹೊಯ್ಯುವುದು ನಮ್ಮೆಲ್ಲರ ಸಹಜ ಪ್ರವೃತ್ತಿ. ಬೇರು ಕೊಳೆತ ಗಿಡವನ್ನು ಅದು ಬೇಗನೆ ಮುಗಿಸುತ್ತದೆ. ಬೆರಳನ್ನು ಮಣ್ಣಿನಲ್ಲಿ ಎರಡು ಗೆಣ್ಣಿನವರೆಗೆ ಇಳಿಸಿ ನೋಡಿ. ತೇವವಿದ್ದರೆ ಅಂದು ನೀರು ಬೇಡ. ಒಣಗಿದ್ದರೆ ತಳದ ತೂತುಗಳಿಂದ ಹರಿಯುವಷ್ಟು ಧಾರಾಳವಾಗಿ ಹಾಕಿರಿ.

ಮೂರನೆಯದು ನೀರಿನ ಗುಣ. ಇದು ಹುಣಸಮಾರನಹಳ್ಳಿಯಂತಹ ಕಡೆ ಮುಖ್ಯವಾದದ್ದು. ಈ ಭಾಗದ ಕೊಳವೆ ಬಾವಿಗಳ ನೀರು ಸಾಮಾನ್ಯವಾಗಿ ಗಡುಸು. ಅದನ್ನು ಸರಿಪಡಿಸಲೆಂದು ಅನೇಕ ಮನೆಗಳಲ್ಲಿಯೂ ವಸತಿ ಸಮುಚ್ಚಯಗಳಲ್ಲಿಯೂ ಯಂತ್ರಗಳನ್ನು ಕೂಡಿಸಿರುವರು. ಈ ಯಂತ್ರಗಳು ಉಪ್ಪಿನ ಬಲದಿಂದ ಕೆಲಸ ಮಾಡತಕ್ಕವು. ನೀರಿನ ಸುಣ್ಣದ ಅಂಶವನ್ನು ತೆಗೆದು ಆ ಸ್ಥಳದಲ್ಲಿ ಸೋಡಿಯಮ್ಮನ್ನು ಬಿಡುತ್ತವೆ. ಆ ನೀರು ಸ್ನಾನಕ್ಕೂ ಬಟ್ಟೆಗೂ ಹಿತ, ಗಿಡಕ್ಕೆ ಅಹಿತ. ಕುಡಿಯುವ ನೀರಿನ ಶುದ್ಧಿಯಂತ್ರವು ಹೊರಗೆ ಬಿಡುವ ನೀರಿನಲ್ಲಿಯೂ ಲವಣಗಳು ಒತ್ತಾಗಿರುತ್ತವೆ. ಪೋಲಾಗಬಾರದೆಂಬ ಸದುದ್ದೇಶದಿಂದ ಅದನ್ನು ಕುಂಡಕ್ಕೆ ಹೊಯ್ಯುವವರುಂಟು. ಅದನ್ನು ನೆಲ ತೊಳೆಯಲು ಬಳಸುವುದು ಲೇಸು. ನೆಲದ ಮಣ್ಣಾದರೆ ಮಳೆ ಬಂದು ಉಪ್ಪನ್ನು ಕೆಳಕ್ಕೆ ತೊಳೆದೀತು. ಕುಂಡದಲ್ಲಿ ಅದು ದಿನದಿನಕ್ಕೆ ಕೂಡುತ್ತ ಹೋಗಿ, ಮಣ್ಣಿನ ಮೇಲೂ ಕುಂಡದ ಅಂಚಿನಲ್ಲಿಯೂ ಬೆಳ್ಳಗೆ ಕಾಣಿಸಿಕೊಳ್ಳುತ್ತದೆ, ಎಲೆಯಂಚು ಸುಡುತ್ತದೆ.

ಇದಕ್ಕೆ ಪರಿಹಾರ ಮಳೆಯ ನೀರು. ನೂರು ಚದರಡಿಯ ಮಾಳಿಗೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ 230 ಲೀಟರಿಗೂ ಮೇಲ್ಪಟ್ಟು ನೀರಾಗುತ್ತದೆ. ಒಂದು ಪೀಪಾಯಿಯಲ್ಲಿ ಹಿಡಿದು ಸೊಳ್ಳೆ ಹೋಗದಂತೆ ಬಾಯಿಗೆ ಬಟ್ಟೆ ಕಟ್ಟಿಟ್ಟರೆ ಒಂದು ಬಾಳೆಗೆ ಬಹು ದಿನ ಬಂದೀತು. ಮಳೆಯಿಲ್ಲದ ಕಾಲದಲ್ಲಿ, ಯಂತ್ರಕ್ಕೆ ಹೋಗುವ ಮುಂಚಿನ ನೀರನ್ನೇ ಹಿಡಿದು, ತಿಂಗಳಿಗೊಮ್ಮೆ ಕುಂಡದ ಅಳತೆಗೆ ಎರಡರಷ್ಟು ನೀರನ್ನು ಮೆಲ್ಲಮೆಲ್ಲನೆ ಹೊಯ್ದು ತಳದಿಂದ ಹರಿದುಹೋಗಲು ಬಿಡಬೇಕು. ಗಡುಸಾದರೂ ಸೋಡಿಯಂ ಕೂಡಿದ ನೀರಿಗಿಂತ ಅದು ವಾಸಿ.

ತಾಯಿಯ ಪರೀಕ್ಷೆ

ಕೆಳಗಿನ ಎಲೆ ಒಂದೊಂದಾಗಿ ಹಳದಿಯಾಗಿ ಒಣಗುವುದು ರೋಗವಲ್ಲ. ಗಾಳಿಗೆ ಎಲೆ ಸೀಳುವುದೂ ರೋಗವಲ್ಲ. ನೋಡಬೇಕಾದದ್ದು ಸುಳಿಯನ್ನು. ಬೆಚ್ಚನೆಯ ಕಾಲದಲ್ಲಿ ಆರೋಗ್ಯವಂತ ಗಿಡವು ವಾರಕ್ಕೋ ಹತ್ತು ದಿನಕ್ಕೋ ಒಂದು ಎಲೆಯನ್ನು ಬಿಚ್ಚುತ್ತದೆ. ರಾತ್ರಿಯ ಶಾಖವು 15 ಡಿಗ್ರಿಯ ಆಸುಪಾಸಿಗೆ ಇಳಿಯುವ ಮಾರ್ಗಶಿರ ಪುಷ್ಯಗಳಲ್ಲಿ ಬೆಳವಣಿಗೆ ನಿಂತಂತೆಯೇ ಆಗುವುದುಂಟು. ಆಗ ಗಾಬರಿಪಡಬೇಕಾಗಿಲ್ಲ, ನೀರನ್ನು ಕಡಮೆ ಮಾಡಿದರೆ ಸಾಕು.

ಗೊನೆ ಬಿಡದ ತಾಯಿಯು ಬೆಚ್ಚನೆಯ ಕಾಲದಲ್ಲಿಯೂ ಸುಳಿ ಬಿಡದಿದ್ದರೆ, ಚೊಕ್ಕಟವಾದ ಮಚ್ಚಿನಿಂದ ಬುಡದಿಂದ ಒಂದಡಿ ಎತ್ತರಕ್ಕೆ ಅಡ್ಡಲಾಗಿ ಕಡಿದು ನೋಡಿರಿ. ಮೊಳಕೆ ಕೆಳಗೆ ಗೆಡ್ಡೆಯಲ್ಲಿರುವ ಕಾರಣ ಇದರಿಂದ ಗಿಡ ಸಾಯುವುದಿಲ್ಲ. ಕೆಲವೇ ದಿನಗಳಲ್ಲಿ ಕೊಯ್ದ ಜಾಗದ ನಡುವಿನಿಂದ ಎಳೆಯ ಎಲೆ ಬೆರಳಿನಂತೆ ಮೇಲೆದ್ದರೆ ತಾಯಿ ಬದುಕಿದೆಯೆಂದು ತಿಳಿಯಬೇಕು. ನಡುಭಾಗ ಮೆತ್ತಗಾಗಿ ದುರ್ವಾಸನೆ ಬಂದರೆ ಆಸೆಯನ್ನು ಬಿಟ್ಟು ಕಂದಿನ ಕಡೆ ಗಮನ ಕೊಡತಕ್ಕದ್ದು. ಗೊನೆ ಬಿಟ್ಟು ಮುಗಿದ ತಾಯಿಯಾದರೆ ಅದನ್ನು ಒಮ್ಮೆಗೇ ಬುಡಮಟ್ಟ ಕಡಿಯಬೇಡಿ. ಪಟ್ಟೆಗಳಲ್ಲಿಯೂ ಗೆಡ್ಡೆಯಲ್ಲಿಯೂ ಉಳಿದ ಸಾರವು ಅಂಟಿಕೊಂಡಿರುವ ಕಂದಿಗೆ ಇಳಿಯುತ್ತದೆ. ಎರಡು ಮೂರು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ ತಗ್ಗಿಸುತ್ತ ಬರುವುದು ತೋಟಗಾರರ ಪದ್ಧತಿ. ತಾಯಿಯ ಕಡೆಯ ಕೊಡುಗೆ ಅದು, ವ್ಯರ್ಥ ಮಾಡಬಾರದು.

ಕಂದಿನ ಆಯ್ಕೆಯೂ ಬಿಡಿಸುವುದೂ

ಕಂದುಗಳಲ್ಲಿ ಎರಡು ಜಾತಿ. ಕತ್ತಿಯ ಅಲಗಿನಂತೆ ಕಿರಿದಾದ ಎಲೆ, ದಪ್ಪನೆಯ ಬುಡ, ಮೇಲಕ್ಕೆ ಹೋದಂತೆ ಸಣ್ಣಗಾಗುವ ಮೈ, ಇವು ಒಳ್ಳೆಯ ಕಂದಿನ ಲಕ್ಷಣ. ಚಿಕ್ಕಂದಿನಲ್ಲಿಯೇ ಅಗಲವಾದ ಎಲೆ ಬಿಟ್ಟು ಮುದ್ದಾಗಿ ಕಾಣುವ ತೆಳುಬುಡದ ಕಂದು ಇನ್ನೊಂದು. ಅದರ ಗೆಡ್ಡೆ ಚಿಕ್ಕದು, ಬೆಳವಣಿಗೆ ದುರ್ಬಲ. ಅಂದಕ್ಕೆ ಮರುಳಾಗಿ ಎರಡನೆಯದನ್ನು ಆರಿಸುವವರೇ ಹೆಚ್ಚು. ಎರಡರಿಂದ ಮೂರಡಿ ಎತ್ತರ ಬಂದು ತನ್ನದೇ ಬೇರುಗಳನ್ನು ಇಳಿಸಿದ ಮೊದಲನೆಯ ಜಾತಿಯ ಕಂದೇ ಬಿಡಿಸಲು ತಕ್ಕದ್ದು.

ಕಾಲವೂ ಮುಖ್ಯ. ಬೆಂಗಳೂರಿನ ಸುತ್ತಮುತ್ತ ಮೊದಲ ಮಳೆಗಳು ಬಿದ್ದು ನೆಲ ತಂಪಾದ ಮೇಲೆ, ಮೇ ತಿಂಗಳ ಕಡೆಯಿಂದ ಜುಲೈವರೆಗೆ ಬಿಡಿಸುವುದು ಉತ್ತಮ. ಚಳಿಗಾಲದಲ್ಲಿ ಬಿಡಿಸಿದ ಕಂದು ಬೇರು ಬಿಡದೆ ಕೊಳೆಯುವ ಭಯವುಂಟು.

ಹಿಂದಿನ ದಿನ ಕುಂಡಕ್ಕೆ ನೀರು ಹಾಕಿರಿ. ಮರುದಿನ ತಾಯಿಗೂ ಕಂದಿಗೂ ನಡುವಣ ಮಣ್ಣನ್ನು ಕೈಯಿಂದ ಸರಿಸಿದರೆ ಎರಡು ಗೆಡ್ಡೆಗಳು ಕೂಡಿರುವ ಕುತ್ತಿಗೆ ಕಾಣುತ್ತದೆ. ಕುದಿಯುವ ನೀರಿನಲ್ಲಿ ಅದ್ದಿ ತೆಗೆದ ಹರಿತವಾದ ಮಚ್ಚಿನಿಂದ ಆ ಸ್ಥಳದಲ್ಲಿ ಕೆಳಮುಖವಾಗಿ ಒಂದೇ ಏಟಿಗೆ ಕೊಯ್ಯಬೇಕು. ಕಂದಿನೊಡನೆ ಅದರ ಗೆಡ್ಡೆಯೂ ಕೆಲವು ಬೇರುಗಳೂ ಬರಬೇಕು. ಗೆಡ್ಡೆಯಿಲ್ಲದೆ ಮುರಿದು ಬಂದ ಕಂದು ನೆಡುವುದಕ್ಕೆ ಬಾರದು. ಕಪ್ಪಾದ ಬೇರುಗಳನ್ನು ಕತ್ತರಿಸಿ ತೆಗೆಯಿರಿ. ಗೆಡ್ಡೆಯಲ್ಲಿ ಕಪ್ಪು ಸುರಂಗಗಳು ಕಂಡರೆ ಅದು ಗೆಡ್ಡೆ ಕೊರೆಯುವ ಹುಳುವಿನ ಕೆಲಸ. ಬಿಳಿಯ ಭಾಗ ಬರುವವರೆಗೆ ಹೆರೆದು ತೆಗೆಯಬೇಕು. ಬಿಚ್ಚಿದ ಎಲೆಗಳನ್ನು ಕೊಯ್ದು ನಡುವಣ ಸುಳಿಯನ್ನು ಮಾತ್ರ ಉಳಿಸಿರಿ; ಬೇರಿಲ್ಲದ ಗಿಡದಿಂದ ನೀರು ಆವಿಯಾಗಿ ಹೋಗುವುದು ಇದರಿಂದ ತಗ್ಗುತ್ತದೆ. ಗಾಯವು ಆರಲೆಂದು ಒಂದು ದಿನ ನೆರಳಿನಲ್ಲಿಡಿ.

ಕೆಂಪುಮಣ್ಣು ಎರಡು ಪಾಲು, ಮರಳು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಒಂದೆರಡು ಹಿಡಿ ಬೇವಿನ ಹಿಂಡಿ, ಇಷ್ಟು ಕೂಡಿಸಿದರೆ ಮಣ್ಣು ಸಿದ್ಧ. ಗೆಡ್ಡೆಯ ಮೇಲೆ ಎರಡು ಮೂರು ಅಂಗುಲ ಮಣ್ಣು ಬರುವಂತೆ ನೆಟ್ಟು ಒಮ್ಮೆ ನೀರು ಹಾಕಿರಿ. ಅನಂತರ ಹೊಸ ಎಲೆ ಕಾಣುವವರೆಗೆ ಕೈ ಬಿಗಿಹಿಡಿಯಬೇಕು. ಬೇರಿಲ್ಲದ ಗೆಡ್ಡೆಗೆ ನಿತ್ಯ ನೀರು ಹೊಯ್ದರೆ ಕೊಳೆಯುವುದು ಖಂಡಿತ. ಒಂದು ತಿಂಗಳು ಏನೂ ಕಾಣದಿದ್ದರೂ ಕಿತ್ತು ನೋಡುವ ಕುತೂಹಲ ಬೇಡ. ಎರಡು ಎಲೆ ಬಿಚ್ಚಿದ ಮೇಲೆ ತಿಂಗಳಿಗೊಮ್ಮೆ ಗೊಬ್ಬರ ಕೊಡಬಹುದು. ಬಾಳೆಯು ಪೊಟ್ಯಾಷನ್ನು ಬಹಳವಾಗಿ ಬಯಸುವ ಬೆಳೆ. ಹಿರಿಯರು ಒಲೆಯ ಬೂದಿಯನ್ನು ಬುಡಕ್ಕೆ ಹಾಕುತ್ತಿದ್ದುದು ಅದಕ್ಕೇ. ಆದರೆ ಗಡುಸು ನೀರು ಹಾಕುವ ಕುಂಡಕ್ಕೆ ಬೂದಿ ಹೆಚ್ಚಾದರೆ ಕ್ಷಾರ ಏರುತ್ತದೆ, ಮಿತವಾಗಿರಲಿ. ಜೂನಿನಿಂದ ಆಗಸ್ಟಿನವರೆಗೆ ಮಾಳಿಗೆಯ ಮೇಲೆ ಪಡುವಣ ಗಾಳಿ ಜೋರು. ಗೋಡೆಯ ಮರೆಯಲ್ಲಿಟ್ಟು ಊರೆಗೋಲು ಕಟ್ಟಿರಿ.

ಬೇಡವಾದ ಕಂದುಗಳನ್ನು ಮೇಲೆ ಕೊಯ್ದರೆ ಮತ್ತೆ ಚಿಗುರುತ್ತವೆ. ಬುಡಮಟ್ಟ ಕೊಯ್ದು ನಡುವಣ ಮೊಳಕೆಯನ್ನು ಚೂಪಾದ ಕೋಲಿನಿಂದ ಕೆತ್ತಿ ತೆಗೆಯಬೇಕು. ಕೊಯ್ದದ್ದೂ ದಂಡವಲ್ಲ: ಗೌರಿ ಗಣೇಶರ ಹಬ್ಬಕ್ಕೂ ಆಯುಧಪೂಜೆಗೂ ಬಾಗಿಲಿಗೆ ಕಟ್ಟುವ ಬಾಳೆಕಂದನ್ನು ಮಾರುಕಟ್ಟೆಯಲ್ಲಿ ಹಣ ಕೊಟ್ಟು ತರುತ್ತೇವಲ್ಲವೆ?

ಗೊನೆಯ ವಿಷಯದಲ್ಲಿಯೂ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಏಲಕ್ಕಿಬಾಳೆ ಎತ್ತರಕ್ಕೆ ಬೆಳೆಯುವ ಜಾತಿ. ಕುಂಡದಲ್ಲಿ ಅದು ತುಂಬು ಗೊನೆ ಕೊಡುವುದು ಅಪರೂಪ. ಹಣ್ಣೇ ಬೇಕೆನ್ನುವವರು ಗಿಡ್ಡ ಜಾತಿಯ ಪಚ್ಚಬಾಳೆಯನ್ನು ಬೆಳೆಸುವುದು ಮೇಲು. ತವರಿನ ಏಲಕ್ಕಿಬಾಳೆಯನ್ನು ಕುಂಡದಲ್ಲಿಡುವುದು ಊಟದ ಎಲೆಗಾಗಿ, ಮುಂದೆಂದಾದರೂ ನೆಲ ಸಿಕ್ಕಾಗ ನೆಡುವುದಕ್ಕಾಗಿ, ಕುಲ ಅಳಿಯಬಾರದೆಂಬುದಕ್ಕಾಗಿ.

ಹಂಚುವ ಮುನ್ನ

ಕುಲ ಅಳಿಯಬಾರದಾದರೆ ಒಂದೇ ಮನೆಯಲ್ಲಿ ಐದು ಕಂದುಗಳಿರುವುದಕ್ಕಿಂತ ಐದು ಮನೆಗಳಲ್ಲಿ ಒಂದೊಂದಿರುವುದು ಲೇಸು. ಒಂದು ಕಡೆ ಸತ್ತರೂ ಇನ್ನೊಂದು ಕಡೆಯಿಂದ ತರಬಹುದು. ಆದರೆ ಈ ಉದಾರತೆಗೆ ಒಂದು ಎಚ್ಚರಿಕೆ ಬೇಕು. ಅದನ್ನು ನಂಜನಗೂಡಿನ ರಸಬಾಳೆಯ ಕಥೆ ಕಲಿಸುತ್ತದೆ.

ಕಪಿಲೆಯ ತೀರದ ನಂಜನಗೂಡಿನ ಸುತ್ತ ಬೆಳೆಯುತ್ತಿದ್ದ ರಸಬಾಳೆಯ ಕಂಪು ಮೈಸೂರು ಸೀಮೆಗೆಲ್ಲ ಪ್ರಸಿದ್ಧ. ಮಣ್ಣಿನಲ್ಲಿರುವ ಫ್ಯುಸೇರಿಯಂ ಎಂಬ ಬೂಷ್ಟಿನಿಂದ ಬರುವ ಪನಾಮ ಸೊರಗುರೋಗವು ಆ ತೋಟಗಳನ್ನು ಹೊಕ್ಕು, ಒಂದು ಕಾಲಕ್ಕೆ ಮನೆಮಾತಾಗಿದ್ದ ಬೆಳೆ ಹುಡುಕಬೇಕಾದಷ್ಟು ವಿರಳವಾಯಿತು. 2005-06ರ ಸಾಲಿನಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆ ದೊರೆತು ಹೆಸರಿಗೆ ರಕ್ಷಣೆ ಬಂದಿತು. ರೋಗ ಹೊಕ್ಕ ಮಣ್ಣಿಗೆ ಕಾಗದದ ರಕ್ಷಣೆ ಸಾಲದು. ಹೊರದೇಶಗಳಲ್ಲಿಯೂ ಇದೇ ರೋಗದ ಹಾವಳಿಯಿಂದ ಗ್ರೋ ಮಿಶೆಲ್ ಎಂಬ ಬಾಳೆಯು ರಫ್ತಿನ ವ್ಯಾಪಾರದಿಂದ 1960ರ ದಶಕದ ಹೊತ್ತಿಗೆ ಮರೆಯಾಗಿ, ನಮ್ಮ ಪಚ್ಚಬಾಳೆಯ ಬಳಗದ ಕ್ಯಾವೆಂಡಿಶ್ ಅದರ ಸ್ಥಾನಕ್ಕೆ ಬಂದಿತು. ಏಲಕ್ಕಿಬಾಳೆಯನ್ನೂ ಈ ರೋಗವು ಬಿಟ್ಟಿಲ್ಲ. ಹೊರಗೆ ಆರೋಗ್ಯವಾಗಿ ಕಾಣುವ ಕಂದಿನ ಗೆಡ್ಡೆಯೊಡನೆ ರೋಗವು ತೋಟದಿಂದ ತೋಟಕ್ಕೆ ಪಯಣ ಮಾಡಬಲ್ಲದು. ಒಂದು ಕುಲದ ಬಾಳೆಗಳೆಲ್ಲ ಒಂದೇ ಗಿಡದ ಅಂಗಗಳಂತಿರುವುದರಿಂದ ಒಂದಕ್ಕೆ ತಗುಲಿದ್ದು ಆ ಕುಲದ ಎಲ್ಲಕ್ಕೂ ತಗುಲೀತು.

ಆದಕಾರಣ ಕೊಡುವ ಮೊದಲು ಎರಡು ಪರೀಕ್ಷೆ ಮಾಡತಕ್ಕದ್ದು. ಹಳೆಯ ಎಲೆಗಳು ಅಂಚಿನಿಂದ ಹಳದಿಯಾಗಿ, ತೊಟ್ಟಿನಲ್ಲಿ ಮುರಿದು ಬುಡದ ಸುತ್ತ ಜೋತುಬಿದ್ದಿದ್ದರೆ, ಗೆಡ್ಡೆಯನ್ನು ಕೊಯ್ದಾಗ ಬಿಳುಪಿನ ನಡುವೆ ಕಂದುಗೆಂಪಿನ ಚುಕ್ಕೆ ಗೆರೆಗಳು ಕಂಡರೆ, ಅದು ಸೊರಗುರೋಗ. ಎಲೆಗಳು ಗಿಡ್ಡವಾಗಿ ಕಿರಿದಾಗಿ ನೆಟ್ಟಗೆ ತುದಿಯಲ್ಲಿ ಗೊಂಚಲಿನಂತೆ ಒತ್ತಿಕೊಂಡಿದ್ದರೆ ಅದು ಗಿಡಹೇನಿನಿಂದ ಹರಡುವ ಗೊಂಚಲುತುದಿಯ ರೋಗ. ಇವೆರಡಕ್ಕೂ ಔಷಧವಿಲ್ಲ. ಎರಡನೆಯದರಲ್ಲಿ ಮೊದಲು ಸಾಬೂನಿನ ನೀರನ್ನು ಎರಚಿ ಹೇನುಗಳನ್ನು ಕೊಲ್ಲಬೇಕು. ರೋಗ ಯಾವುದೇ ಆಗಲಿ, ತಾಯಿ ಕಂದುಗಳೆಲ್ಲವನ್ನೂ ಗೆಡ್ಡೆಸಹಿತ ಕಿತ್ತು ಚೀಲದಲ್ಲಿ ಬಿಗಿದು ವಿಲೇವಾರಿ ಮಾಡಬೇಕೇ ಹೊರತು ಒಂದನ್ನೂ ಯಾರಿಗೂ ಕೊಡಕೂಡದು. ಸೊರಗುರೋಗದ ಕುಂಡದ ಮಣ್ಣಿನಲ್ಲಿ ಮತ್ತೆ ಬಾಳೆ ನೆಡಬಾರದು. ಆ ಬೂಷ್ಟು ಮಣ್ಣಿನಲ್ಲಿ ಹತ್ತಾರು ವರ್ಷ ಬದುಕಬಲ್ಲದು. ಸಂಶಯವಿದ್ದವರು ಎಲೆಯ ಮತ್ತು ಕೊಯ್ದ ಗೆಡ್ಡೆಯ ಚಿತ್ರಗಳೊಡನೆ ಬಲ್ಲವರನ್ನು ಕೇಳಲಿ. ಹುಣಸಮಾರನಹಳ್ಳಿಯವರಿಗೆ ಬಳ್ಳಾರಿ ರಸ್ತೆಯಲ್ಲಿಯೇ ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರವಿದೆ. ಹೆಸರಘಟ್ಟದಲ್ಲಿ 1967ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿದೆ.

ಪ್ರಶ್ನೆ ಕೇಳಿದ ಸೋದರಿಯ ಬಾಳೆಯಲ್ಲಿ, ಅವರು ವರ್ಣಿಸಿರುವಂತೆ, ಈ ಎರಡು ರೋಗಗಳ ಲಕ್ಷಣವಿಲ್ಲ. ಸುಟ್ಟ ಅಂಚು ಉಪ್ಪಿನ ನೀರನ್ನೂ ಇಕ್ಕಟ್ಟಾದ ಕುಂಡವನ್ನೂ ಸೂಚಿಸುತ್ತದೆ. ಆದರೂ ಮೊದಲ ಕಂದನ್ನು ಬಿಡಿಸಿದಾಗ ಗೆಡ್ಡೆಯ ಕೊಯ್ತವನ್ನು ಬೆಳಕಿನಲ್ಲಿ ಹಿಡಿದು ನೋಡಲಿ. ಅದು ಬೆಳ್ಳಗಿದ್ದರೆ ಒಳ್ಳೆಯ ಕಂದೊಂದನ್ನು ದೊಡ್ಡ ಕುಂಡಕ್ಕೆ ತಾವು ಇಟ್ಟುಕೊಂಡು, ತಾಯಿಯ ಬುಡದಲ್ಲಿ ಒಂದನ್ನು ಬಿಟ್ಟು, ಉಳಿದ ಮೂರರಲ್ಲಿ ಗಟ್ಟಿಯಾದವನ್ನು ನೆಲವಿರುವ ಅಣ್ಣತಮ್ಮಂದಿರಿಗೋ ನೆಂಟರಿಗೋ ಕೊಡಲಿ. ಕೊಡುವಾಗ ಇದು ಯಾರ ಹಿತ್ತಲಿನ ಬಾಳೆಯೆಂಬುದನ್ನು ಒಂದು ಚೀಟಿಯಲ್ಲಿ ಬರೆದು ಕಟ್ಟಲಿ. ನಾಳೆ ತಮ್ಮ ಕುಂಡ ಬರಿದಾದರೆ ಹೋಗಿ ಕೇಳಬೇಕಾದ ಮನೆ ಯಾವುದೆಂದು ಆಗ ಮಕ್ಕಳಿಗೂ ತಿಳಿದಿರುತ್ತದೆ.

ಮುಂದಿನ ತಿಂಗಳು ಕುಂಡದಲ್ಲಿ ಕರಿಬೇವನ್ನು ಬೆಳೆಸುವ ವಿಷಯ.